ಹಿರೇಗಟ್ಟಿ ಗೇಟಿನ ಸಾಸಿವೆ ಬಸ್ಸು

ನಮ್ಮ ಮನೆಯ ಮಹಡಿಯ ಮೇಲೆ ಒಂದು ಬಸ್ಸು ವರ್ಷಗಟ್ಟಲೆ ರೈಲ್ವೆ ಗೇಟಿನ ಮುಂದೆ ನಿಂತಿತ್ತು. ಗೇಟು ಎದ್ದರೂ ಅದು ಹೋಗುತ್ತಿರಲಿಲ್ಲ. ನಮ್ಮ ಯಜಮಾನರು ಅದರ ನಾಲ್ಕೂ ಗಾಲಿಗೆ ಅಂಟು ಹಚ್ಚಿ ಹಲಗೆಗೆ ಕೂರಿಸಿಬಿಟ್ಟಿದ್ದರು.

ಅವರ ಹೆಸರು ಚನ್ನಮಲ್ಲಪ್ಪ ಗಾಣಿಗೇರ. ಹಿರೇಗಟ್ಟಿ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಊರೆಲ್ಲ ಅವರನ್ನು ಮಾಸ್ತರು ಎನ್ನುತ್ತದೆ. ನಾನೂ ಹಾಗೇ ಎನ್ನುತ್ತೇನೆ, ಸಿಟ್ಟು ಬಂದಾಗ ಸ್ವಲ್ಪ ಎಳೆದು ಎನ್ನುತ್ತೇನೆ. ನಿವೃತ್ತರಾದ ಮರುವಾರವೇ ಅವರು ಮಹಡಿಯ ಕೋಣೆಯಿಂದ ನನ್ನ ಹೊಲಿಗೆ ಯಂತ್ರವನ್ನು ಕೆಳಗಿಳಿಸಿ, ಪ್ಲೈವುಡ್ ಹಲಗೆ ಹಾಸಿ, ಹಿರೇಗಟ್ಟಿ ಜಂಕ್ಷನ್ನನ್ನು ಪುಟ್ಟದಾಗಿ ಕಟ್ಟಲು ಶುರುಮಾಡಿದರು. ಥರ್ಮೊಕೋಲಿನ ಗುಡ್ಡ, ಹಸಿರು ಬಣ್ಣ ಹಾಕಿದ ಕಟ್ಟಿಗೆ ಹೊಟ್ಟಿನ ಹುಲ್ಲು, ಬೆರಳುದ್ದದ ಬೋಗಿಗಳು, ಅಕ್ಕಿಕಾಳಿನಷ್ಟು ಸಿಗ್ನಲ್ ದೀಪ. ಅವರೇ ಹಿತ್ತಾಳೆ ಬೆಸೆದು ಮಾಡಿದ ಒಂದು ಮೇಲ್ ಗಾಡಿಯ ಎಂಜಿನ್ನು ಇದೆ. ಅದನ್ನು ಅವರು ಒರೆಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ನನಗೆ ಜ್ವರ ಬಂದಾಗ ಹಣೆಗೆ ಕೈ ಇಟ್ಟದ್ದೂ ಅಷ್ಟು ಮೆತ್ತಗಿರಲಿಲ್ಲ.

ನಾನೂ ಸುಮ್ಮನೆ ಮನೆಯಲ್ಲಿ ಕೂತವಳಲ್ಲ. ನನ್ನ ಹೆಸರು ದಾಕ್ಷಾಯಣಿ. ಅದೇ ಊರಿನ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕಿಯಾಗಿದ್ದೆ. ಯಾವ ಬಸ್ಸು ಯಾವಾಗ ಬಿಡಬೇಕು, ಯಾವ ಡ್ರೈವರು ಇಂದು ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾನೆ, ಯಾರ ಕೈಗೆ ಘಟ್ಟದ ರೂಟು ಕೊಡಬಾರದು, ಎಲ್ಲವನ್ನೂ ಮುಖ ನೋಡಿ ಹೇಳುತ್ತಿದ್ದೆ. ನಮ್ಮ ಮದುವೆ ಕುದುರಿದ್ದೂ ಟೆಲಿಫೋನಿನಲ್ಲೇ. ಸಂಜೆಯ ಪ್ಯಾಸೆಂಜರು ರೈಲು ತಡವಾದರೆ ಸ್ಟೇಷನ್ನಿನಿಂದ ಫೋನು ಬರುತ್ತಿತ್ತು, ಗಾಡಿ ತಡ ಐತಿ, ಕಡೇ ಬಸ್ ಹಿಡೀರಿ ಎಂದು. ಹಳ್ಳಿಯ ಜನ ರೈಲಿಳಿದು ದಾರಿಯಲ್ಲಿ ಉಳಿಯಬಾರದೆಂದು ನಾನು ಬಸ್ಸನ್ನು ಹೊರಡದಂತೆ ಹಿಡಿಯುತ್ತಿದ್ದೆ. ಡ್ರೈವರ್ ಕಂಡಕ್ಟರ್ ಇಬ್ಬರೂ ನನ್ನನ್ನು ಬೈಯುತ್ತಿದ್ದರು. ಹೀಗೆ ಹಿಡಿದೂ ಹಿಡಿದೂ ಕೊನೆಗೆ ಫೋನು ಮಾಡುವವರನ್ನೇ ಕಟ್ಟಿಕೊಂಡೆ.

ಅವರು ಮಾತ್ರ ನನಗಾಗಿ ಒಂದು ದಿನವೂ ರೈಲು ಹಿಡಿಯಲಿಲ್ಲ. ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಮೇಲ್ ಗಾಡಿ ಹತ್ತಲು ಹೊರಟಿದ್ದಾಗ ನಾನಿದ್ದ ಬಸ್ಸು ಅವರದೇ ಗೇಟಿನಲ್ಲಿ ಸಿಕ್ಕಿಕೊಂಡಿತು. ಸ್ಟೇಷನ್ನು ಕಲ್ಲೆಸೆತದ ದೂರದಲ್ಲಿತ್ತು. ಬಸ್ಸಿನಲ್ಲಿ ನಾನಿದ್ದೇನೆಂದು ಅವರಿಗೆ ಗೊತ್ತಿತ್ತು, ನಾನು ಕಿಟಕಿಯಿಂದ ಕೈಯನ್ನೂ ಬೀಸಿದೆ. ಅವರು ಸಿಗ್ನಲ್ ಕೊಟ್ಟರು, ಮೇಲ್ ಗಾಡಿ ನನ್ನ ಕಣ್ಣೆದುರೇ ಹೋಯಿತು. ಮನೆಗೆ ಬಂದು ಕೇಳಿದರೆ, ಕೊಟ್ಟ ಸಿಗ್ನಲ್ ತಿರುಗಿ ತಗೊಳ್ಳೋದು ಮಾಸ್ತರನ ಜಾತಕದಾಗ ಇಲ್ಲ ಎಂದರು. ಆ ಮಾತನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಇಷ್ಟು ಹೇಳಿದರೆ ಅಂಟಿಸಿದ ಬಸ್ಸಿನ ಮೇಲೆ ನನಗೆ ಯಾಕೆ ಅಷ್ಟು ಕರುಳು ಎಂದು ಗೊತ್ತಾದೀತು. ಒಂದೇ ಒಂದು ಬಸ್ಸನ್ನಾದರೂ ಓಡುವಂತೆ ಮಾಡಿರಿ ಎಂದು ಎಷ್ಟೋ ಸಲ ಕೇಳಿದ್ದೆ. ರಸ್ತೆಗೆ ಶಿಸ್ತಿಲ್ಲ, ಬಸ್ಸು ಓಡಿದರೆ ವೇಳಾಪಟ್ಟಿ ಕೆಡುತ್ತದೆ ಎಂದು ಅವರು ಹೇಳುತ್ತಿದ್ದರು.

ಆ ಹೊತ್ತಿಗೆ ನಮ್ಮ ಕಡೆಯ ರಸ್ತೆಗಳಿಗೆ ಡ್ರೈವರಿಲ್ಲದ ಬಸ್ಸುಗಳು ಬಂದು ಒಂದು ವರ್ಷವಾಗಿತ್ತು. ಹೆದ್ದಾರಿಯಲ್ಲಿ ಅವು ಬಂಗಾರದಂತೆ ಓಡಿದವು. ಹಿರೇಗಟ್ಟಿ ಗೇಟಿಗೆ ಬಂದು ಸೋತವು. ಗೇಟು ಬಿದ್ದರೆ ನಮ್ಮ ಜನ ಎಡಗಡೆ ಸಾಲಾಗಿ ನಿಲ್ಲುವುದಿಲ್ಲ. ರಸ್ತೆ ಎಷ್ಟು ಅಗಲವಿದೆಯೋ ಅಷ್ಟನ್ನೂ ತುಂಬಿಕೊಳ್ಳುತ್ತಾರೆ. ಆಚೆ ಕಡೆಯವರೂ ಹಾಗೇ ತುಂಬಿಕೊಳ್ಳುತ್ತಾರೆ. ಗೇಟು ಎದ್ದಾಗ ಎರಡು ದಂಡು ಎದುರುಬದುರು. ಆಗ ದಾರಿ ಬಿಡಿಸುವುದು ಕಾನೂನಲ್ಲ, ಮುಖ. ಒಬ್ಬ ಹುಬ್ಬು ಎತ್ತುತ್ತಾನೆ, ಇನ್ನೊಬ್ಬ ಗದ್ದ ಆಡಿಸುತ್ತಾನೆ, ಯಾರೋ ಒಬ್ಬಾಕೆ ಸ್ಕೂಟರಿನ ಮೇಲೆ ಕೂತು ಕಣ್ಣು ಬಿಡುತ್ತಾಳೆ, ಟೆಂಪೊ ಹಿಂದೆ ಸರಿಯುತ್ತದೆ. ಡ್ರೈವರಿಲ್ಲದ ಬಸ್ಸಿಗೆ ಈ ಮುಖಗಳು ಓದಲು ಬರುತ್ತಿರಲಿಲ್ಲ. ಎಲ್ಲರಿಗೂ ದಾರಿ ಬಿಡುತ್ತ ನಿಲ್ಲುತ್ತಿತ್ತು, ಅಷ್ಟರಲ್ಲಿ ಗೇಟು ಮತ್ತೆ ಬೀಳುತ್ತಿತ್ತು. ಒಂದು ಬಸ್ಸು ಬೆಳಿಗ್ಗೆ ಬಂದು ನಿಂತದ್ದು ಮಧ್ಯಾಹ್ನವಾದರೂ ದಾಟಲಿಲ್ಲ. ಜನ ಇಳಿದು ಹಳಿ ದಾಟಿ ನಡೆದು ಹೋದರು.

ಈ ಗಂಟು ಬಿಡಿಸಲು ಧಾರವಾಡದಲ್ಲಿ ಒಂದು ಪ್ರಯೋಗಾಲಯ ತೆರೆದರು. ಅಲ್ಲಿಂದ ಸುಮಯ್ಯಾ ಸವಣೂರ ಎಂಬ ವಿಜ್ಞಾನಿ ನನ್ನನ್ನು ಹುಡುಕಿಕೊಂಡು ಬಂದಳು. ತೆಳ್ಳಗಿನ ಹೆಣ್ಣುಮಗಳು, ಮಾತು ಚುರುಕು. ಬಸ್ ನಿಲ್ದಾಣದಲ್ಲಿ ಹಳೆಯ ಡ್ರೈವರುಗಳೆಲ್ಲ, ಮುಖ ಓದೋದಾದ್ರ ದಾಕ್ಷಾಯಣಿ ಮೇಡಮ್ಮೋರ್ನ ಕೇಳ್ರಿ ಎಂದು ನನ್ನ ಹೆಸರು ಹೇಳಿದ್ದರಂತೆ. ನನ್ನನ್ನು ಧಾರವಾಡಕ್ಕೆ ಕರೆದೊಯ್ದು ಪ್ರಯೋಗಾಲಯ ತೋರಿಸಿದಳು.

ದೊಡ್ಡ ಮೇಜಿನ ಮೇಲೆ ರಸ್ತೆ ಬರೆದಿದ್ದರು, ಮೇಲೆ ಹೆಬ್ಬೆರಳಿನಷ್ಟು ಉದ್ದದ ಬಸ್ಸುಗಳು ಓಡುತ್ತಿದ್ದವು. ರಸ್ತೆಯ ಕೆಳಗೆ ತೆಳ್ಳನೆಯ ಕಬ್ಬಿಣದ ತಂತಿ ಹೂತಿರುತ್ತದೆ. ಬಸ್ಸಿನ ಮುಂದಿನ ಗಾಲಿಯ ಬಳಿ ಒಂದು ಚೂರು ಅಯಸ್ಕಾಂತ, ಅದು ತಂತಿಯ ಜಾಡು ಹಿಡಿಯುತ್ತದೆ. ಇದು ಆಟಿಕೆಯವರಿಗೆ ಹಿಂದಿನಿಂದಲೂ ಗೊತ್ತಿದ್ದ ವಿದ್ಯೆ. ಹೊಸದೆಂದರೆ ಬಸ್ಸಿನ ಹೊಟ್ಟೆಯಲ್ಲಿದ್ದ ಕಪ್ಪು ಕಾಳು. ಪ್ರಯೋಗಾಲಯದಲ್ಲಿ ಅದನ್ನು ಸಾಸಿವೆ ಎಂದೇ ಕರೆಯುತ್ತಿದ್ದರು. ಯಾವಾಗ ನಿಲ್ಲಬೇಕು, ಯಾವಾಗ ನುಗ್ಗಬೇಕು ಎಂದು ತೀರ್ಮಾನಿಸುವ ಬುದ್ಧಿ ಅದರದು. ಅದಕ್ಕೆ ಯಾರೂ ಪಾಠ ಬರೆದುಕೊಡುವುದಿಲ್ಲ. ಬಸ್ಸಿನ ಗಾಜಿನ ಹಿಂದಿನ ಕ್ಯಾಮರಾ ಕಣ್ಣು ಅದನ್ನು ಸಾಕುವವರ ಮುಖವನ್ನೇ ನೋಡುತ್ತಿರುತ್ತದೆ. ಮುಖ ಗಂಟಿಕ್ಕಿದರೆ ಮಾಡಿದ್ದು ತಪ್ಪು, ಮುಖ ಸಡಿಲವಾದರೆ ಸರಿ. ಹೀಗೆ ಕೂಸು ಕಲಿಯುವ ಹಾಗೆ ಕಲಿಯುತ್ತದೆ. ದೊಡ್ಡ ಬಸ್ಸಿನಲ್ಲಿಟ್ಟು ಕಲಿಸಿದರೆ ತಪ್ಪಿಗೊಂದು ಹೆಣ ಬೀಳುತ್ತದೆ, ಅದಕ್ಕೇ ಚಿಕ್ಕದರಲ್ಲಿ ಕಲಿಸಿ ದೊಡ್ಡದಕ್ಕೆ ಕೂರಿಸುವುದು.

ಇಂಥ ಸಾಸಿವೆಯನ್ನು ಕೆಲವು ಮನೆಗಳಿಗೆ ಸಾಕಲು ಕೊಡುತ್ತಾರಂತೆ. ಯಾವುದು ಚೆನ್ನಾಗಿ ಪಳಗುತ್ತದೋ ಅದನ್ನು ಹಿರೇಗಟ್ಟಿ ಗೇಟು ದಾಟುವ ನಿಜವಾದ ಬಸ್ಸಿಗೆ ಹಾಕುತ್ತಾರೆ. ಬಸ್ ನಿಲ್ದಾಣದಲ್ಲಿ ನನ್ನ ಕುರ್ಚಿ ಈಗಿಲ್ಲ, ಆ ಕೆಲಸವೇ ಈಗಿಲ್ಲ. ನನಗೆ ತಿಳಿದದ್ದು ನನ್ನೊಂದಿಗೇ ಮಣ್ಣಾಗುತ್ತದೆ ಎಂದುಕೊಂಡಿದ್ದೆ. ಇನ್ನು ನನ್ನ ಊರಿನ ಗೇಟಿನಲ್ಲಿ ನನ್ನ ಕಣ್ಣಿನಿಂದ ನೋಡುವ ಬಸ್ಸೊಂದು ಓಡಬಹುದು. ಅದು ನನಗೆ ಬೇಕೇ ಬೇಕು ಅನ್ನಿಸಿತು. ಜೊತೆಗೆ ಇನ್ನೊಂದೂ ಬೇಕಿತ್ತು, ಅದನ್ನು ಸುಮಯ್ಯಾಗೆ ಹೇಳಲಿಲ್ಲ. ಮಾಸ್ತರರು ನನ್ನ ಕೆಲಸ ನೋಡಿ ಒಮ್ಮೆಯಾದರೂ ಹಿಗ್ಗಬೇಕಿತ್ತು.

ಸುಮಯ್ಯಾ ನಮ್ಮ ಮಹಡಿಗೆ ಬಂದು ಪುಟ್ಟ ಹಿರೇಗಟ್ಟಿಯನ್ನು ನೋಡಿ ಬೆರಗಾದಳು. ಗೇಟು, ಹಳಿ, ರಸ್ತೆ, ಎಲ್ಲ ಇದ್ದ ಹಾಗೇ ಇದೆ, ಇದಕ್ಕಿಂತ ಒಳ್ಳೆಯ ಶಾಲೆ ಎಲ್ಲಿ ಸಿಗುತ್ತದೆ ಎಂದಳು. ಹೊಗಳಿಕೆ ಕೇಳಿ ಮಾಸ್ತರರ ಮೀಸೆ ಅರಳಿತು. ಅವಳು ಕೊರೆಯುವ ಯಂತ್ರ ಹೊರತೆಗೆದಾಗ ಮುದುಡಿತು. ರಸ್ತೆಯುದ್ದಕ್ಕೂ ಹಲಗೆಯಲ್ಲಿ ಗೀರು ಕೊರೆದು, ತಂತಿ ಕೂರಿಸಿ, ಮೇಲೆ ಪುಟ್ಟಿ ಮೆತ್ತಿ ಬೂದು ಬಣ್ಣ ಬಳಿಯಬೇಕು. ಅವರು ಹಲ್ಲು ಕಚ್ಚಿಕೊಂಡು ಒಪ್ಪಿದರು. ಆದರೆ ಗೇಟಿನ ಹತ್ತಿರ ಬಂದಾಗ ಕೈ ಅಡ್ಡ ಇಟ್ಟರು. ಕಬ್ಬಿಣದ ತಂತಿ ಎರಡು ಹಳಿಗೂ ತಾಗಿದರೆ ಕರೆಂಟು ಕೂಡಿ ಎಂಜಿನ್ನು ಸುಡುತ್ತದೆ ಎಂದರು. ಮಾತು ಖರೆ ಇತ್ತು. ಆದ್ದರಿಂದ ಹಳಿಯ ಜಾಗದಲ್ಲಿ ತಂತಿ ಕತ್ತರಿಸಿದರು. ಅಲ್ಲಿ ಒಂದು ಗೇಣಿಗಿಂತ ಕಡಿಮೆ ದಾರಿಯನ್ನು ಬಸ್ಸು ಯಾವ ಜಾಡೂ ಇಲ್ಲದೆ ಬರೀ ಸಾಸಿವೆಯ ಧೈರ್ಯದ ಮೇಲೆ ದಾಟಬೇಕು.

ಅಂಟಿಸಿದ್ದ ಹಳೇ ಬಸ್ಸನ್ನು ನಾನೇ ಬ್ಲೇಡಿನಿಂದ ಎಬ್ಬಿಸಿದೆ. ಸುಮಯ್ಯಾ ಅದರ ಹೊಟ್ಟೆ ಕೊರೆದು ಮೋಟಾರು, ಬ್ಯಾಟರಿ, ಸಾಸಿವೆ ತುಂಬಿದಳು. ಜೊತೆಗೆ ಗೇಟು ಬಿದ್ದಾಗ ರಸ್ತೆ ತುಂಬಿಕೊಳ್ಳಲೆಂದು ಸಾದಾ ಆಟೊಗಳು, ಟೆಂಪೊಗಳು ಬಂದವು. ಅವಕ್ಕೆ ಬುದ್ಧಿ ಇರಲಿಲ್ಲ, ನುಗ್ಗುವುದು, ಮೈಮೇಲೆ ಬಂದರೆ ಹಿಂದೆ ಸರಿಯುವುದು ಮಾತ್ರ ಗೊತ್ತಿತ್ತು.

ಮೊದಲ ದಿನ ಬಸ್ಸು ಗುಡ್ಡಕ್ಕೆ ಗುದ್ದಿತು. ಒಂದು ವಾರದಲ್ಲಿ ಟೆಂಪೊದ ಪಕ್ಕಕ್ಕೆ ಸರಿದು ನಿಲ್ಲುವುದನ್ನು ಕಲಿಯಿತು. ನಾನು ಕುರ್ಚಿ ಹಾಕಿಕೊಂಡು ಎದುರಿಗೆ ಕೂರುತ್ತಿದ್ದೆ. ಅದು ಎದುರಿನ ಆಟೊವನ್ನು ಹೆದರಿಸಿ ಒಂದು ಗಾಲಿ ಮುಂದಿಟ್ಟಾಗ ನನಗೇ ತಿಳಿಯದಂತೆ ಮುಖ ಅರಳುತ್ತಿತ್ತು, ಅದು ಇನ್ನೊಂದು ಗಾಲಿ ಇಡುತ್ತಿತ್ತು. ಓಣಿಯ ಜನ ನೋಡಲು ಬಂದರು. ಇಷ್ಟು ವರ್ಷ ಮೇಲ್ ಗಾಡಿ ನೋಡಿ ಹೋಗುತ್ತಿದ್ದವರೆಲ್ಲ ಈಗ ರೈಲಿಗೆ ಬೆನ್ನು ಹಾಕಿ ರಸ್ತೆಯ ಕಡೆ ಬಗ್ಗಿ ನಿಂತರು.

ಮಾಸ್ತರರಿಗೆ ಅದನ್ನು ಸಹಿಸಲಾಗಲಿಲ್ಲ. ಗೂಡ್ಸು ಗಾಡಿ ಬಿಡತೊಡಗಿದರು. ಒಂದರ ಹಿಂದೆ ಒಂದು, ಖಾಲಿ ವ್ಯಾಗನ್ನಿನ ಉದ್ದುದ್ದ ಗೂಡ್ಸು. ಗೇಟು ಬಿದ್ದದ್ದು ಏಳುತ್ತಲೇ ಇರಲಿಲ್ಲ. ಹಿರೇಗಟ್ಟಿಯಲ್ಲಿ ಇಷ್ಟು ಗೂಡ್ಸು ಯಾವ ಕಾಲಕ್ಕೂ ಓಡಿರಲಿಲ್ಲ ಎಂದು ನಾನು ಹೇಳಿದರೆ, ಸುಗ್ಗಿ ಕಾಲ ಎಂದರು. ಸುಗ್ಗಿಗೆ ಇನ್ನೂ ನಾಲ್ಕು ತಿಂಗಳಿತ್ತು. ಬಂದವರ ಮುಂದೆ, ಬಸ್ಸಿಗೇನು, ಕೈ ಮಾಡಿದಲ್ಲಿ ನಿಲ್ಲುತ್ತದೆ, ಅದಕ್ಕೆ ಮಾನವೇ ಇಲ್ಲ ಎಂದು ನಗುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೊಟ್ಟೆಕಿಚ್ಚು ಎಂಬ ಪದವನ್ನೇ ಎತ್ತಿರಲಿಲ್ಲ, ಅವರೇ ಒಂದು ದಿನ, ನನಗೇನ್ ಹೊಟ್ಟೆಕಿಚ್ಚಿಲ್ಲ ಎಂದರು.

ಇದೆಲ್ಲ ನನಗೆ ಒಳಗೊಳಗೇ ಸಂತೋಷ ಕೊಡುತ್ತಿತ್ತು. ಇಷ್ಟು ವರ್ಷ ನಾನು ಉರಿದಿದ್ದೆ, ಈಗ ಅವರು ಉರಿಯಲಿ ಎಂದುಕೊಂಡೆ. ಬಸ್ಸು ಕೆಡುವವರೆಗೆ ಈ ಸಂತೋಷ ನಡೆಯಿತು.

ಅದು ಹೇಗೆ ಕೆಟ್ಟಿತೆಂದರೆ, ಗೇಟು ಎದ್ದರೂ ಹೊರಡುವುದನ್ನು ಬಿಟ್ಟಿತು. ಆಟೊಗಳೆಲ್ಲ ನುಗ್ಗಿ ಹೋದ ಮೇಲೂ, ರಸ್ತೆ ಪೂರಾ ಖಾಲಿಯಾದ ಮೇಲೂ, ಹಳೇ ಅಂಟಿನ ಕಲೆ ಇದ್ದ ಜಾಗದಲ್ಲೇ ನಿಂತಿರುತ್ತಿತ್ತು. ಮಾಸ್ತರರು ಪೇಟೆಗೆ ಹೋದಾಗ ಮಾತ್ರ ಚೆನ್ನಾಗಿ ಓಡುತ್ತಿತ್ತು. ಅವರು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಮುಖ ತೋರಿಸಿದರೆ ಮುಗಿಯಿತು.

ನಾನು ಬಸ್ಸನ್ನು ಡಬ್ಬಿಯಲ್ಲಿಟ್ಟುಕೊಂಡು ಧಾರವಾಡಕ್ಕೆ ಹೋದೆ. ಸುಮಯ್ಯಾ ಅದನ್ನು ಯಂತ್ರಕ್ಕೆ ಸಿಕ್ಕಿಸಿ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಕೋಣೆಯಲ್ಲಿ ನಿಮ್ಮನ್ನು ಬಿಟ್ಟು ಇನ್ಯಾರು ಇರುತ್ತಾರೆ ಎಂದು ಕೇಳಿದಳು. ಯಾರಿರುತ್ತಾರೆ, ನಮ್ಮವರು ಇರುತ್ತಾರೆ ಎಂದೆ.

"ಹಂಗಾದ್ರ ಇದು ಎರಡು ಮುಖ ನೋಡಾಕತ್ತೈತಿ ಮೇಡಂ," ಎಂದಳು. "ನಿಮ್ಮ ಮುಖ ಲಗೂನ ಅರಳತೈತಿ, ಲಗೂನ ಬಾಡತೈತಿ. ಸರ್ ಮುಖ ಮಾತ್ರ ಯಾವಾಗ್ಲೂ ಗಂಟು. ಅವರ ಮುಖ ಸಡಿಲ ಆಗೋದು ಒಂದ ಹೊತ್ತಿನ್ಯಾಗ. ಬಸ್ಸು ಗೇಟಿನ ಮುಂದ ಅಳ್ಳಾಡದಂಗ ನಿಂತಾಗ."

ಸಾಸಿವೆಯ ಸ್ವಭಾವವೇ ಹಾಗಂತೆ, ಸುಲಭವಾಗಿ ಒಲಿಯುವ ಮುಖಕ್ಕಿಂತ ಒಲಿಯದ ಮುಖವನ್ನು ಮೆಚ್ಚಿಸಲು ಹೆಚ್ಚು ಒದ್ದಾಡುತ್ತದಂತೆ. ಇದನ್ನು ಕಾಳು ನೋಡಿ ಕಲಿಯಬೇಕಾಗಿರಲಿಲ್ಲ, ನನ್ನನ್ನು ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಅವರನ್ನು ಕೋಣೆಯ ಹೊರಗಿಡಬಹುದೇ ಎಂದು ಕೇಳಿದೆ. ಈಗ ಪ್ರಯೋಜನವಿಲ್ಲ ಎಂದಳು. ಅವರ ಮುಖ ಅದರೊಳಗೆ ಕೂತುಬಿಟ್ಟಿದೆ, ಯಾವುದೇ ಊರಿನ ಗೇಟಿನಲ್ಲಿ ಗಂಟು ಮುಖದ ಮುದುಕರೊಬ್ಬರು ಕಂಡರೆ ಸಾಕು ಬಸ್ಸು ನಿಂತುಬಿಡುತ್ತದೆ. ಉಪಾಯ ಒಂದೇ, ಬಸ್ಸು ಗೇಟು ದಾಟುವಾಗ ಸರ್ ಮುಖ ಅರಳಬೇಕು. ಪರೀಕ್ಷೆಗೆ ಮುಂದಿನ ವಾರ ಬರುತ್ತೇವೆ ಎಂದಳು. ಉಳಿದವರಲ್ಲಿ ಲಕ್ಷ್ಮೇಶ್ವರದ ನಿವೃತ್ತ ಆಟೊ ಡ್ರೈವರೊಬ್ಬರ ಸಾಸಿವೆ ಬಹಳ ಚುರುಕಾಗಿದೆ ಎಂದೂ ಹೇಳಿದಳು. ಆ ಮನುಷ್ಯನನ್ನು ನಾನು ಕಂಡಿರಲಿಲ್ಲ, ಆದರೂ ಆ ಕ್ಷಣದಿಂದ ಅವನನ್ನು ಕಂಡರಾಗದು.

ಮನೆಗೆ ಬಂದು ಮಾಸ್ತರರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಮೊದಲು ನಂಬಲಿಲ್ಲ, ಆಮೇಲೆ ಕಿವಿ ಕೆಂಪಾಯಿತು. ಕಡೆಗೆ, ನಗಬೇಕು ತಾನೇ, ನಗುತ್ತೇನೆ ಎಂದರು. ಮೂರು ದಿನ ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿದು ಅಭ್ಯಾಸ ಮಾಡಿದರು. ಆ ನಗೆ ಹೊತ್ತುಕೊಂಡು ಬಸ್ಸಿನ ಮುಂದೆ ಬಂದು ಕೂತರೆ ಬಸ್ಸು ಹಿಂದಕ್ಕೆ ಸರಿಯಿತು. ಫೋನು ಮಾಡಿ ಕೇಳಿದಾಗ ಸುಮಯ್ಯಾ ವಿವರಿಸಿದಳು. ತುಟಿಯ ನಗೆಯನ್ನು ಸಾಸಿವೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಣ್ಣಿನ ಸುತ್ತಲ ನೆರಿಗೆ ನೋಡುತ್ತದೆ. ತುಟಿ ನಕ್ಕು ಕಣ್ಣು ನಗದಿದ್ದರೆ ಅದಕ್ಕೆ ಇನ್ನೂ ಭಯ. ಮಾಸ್ತರರು ನಿಜವಾಗಿ ಹಿಗ್ಗಬೇಕು, ಬೇರೆ ದಾರಿ ಇಲ್ಲ. ಮೂವತ್ತು ವರ್ಷದಿಂದ ನನಗೆ ಬೇಕಾದದ್ದನ್ನೇ ಈಗ ಒಂದು ಕಾಳೂ ಕೇಳುತ್ತಿತ್ತು.

ಅವರಿಗೆ ನಿಜವಾಗಿ ಹಿಗ್ಗು ತರುವುದು ಏನು ಎಂದು ಅಕ್ಕಿ ಆರಿಸುತ್ತ ಯೋಚಿಸಿದೆ. ಉತ್ತರ ಆ ಹಳೇ ಫೋನು ಕರೆಗಳಲ್ಲಿತ್ತು. ರೈಲು ತಡವಾಗಿ ಬಂದಾಗ ಸ್ಟೇಷನ್ನಿನ ಹೊರಗೆ ಬಸ್ಸು ಕಾಯುತ್ತ ನಿಂತಿರುವುದನ್ನು ಕಂಡರೆ ಅವರ ಮುಖ ಬೆಳಗುತ್ತಿತ್ತು. ಮದುವೆಗೆ ಮುಂಚೆ ಆ ಮುಖ ನೋಡಲೆಂದೇ ನಾನು ಒಂದೆರಡು ಸಲ ಕಡೇ ಬಸ್ಸಿನಲ್ಲಿ ಕೂತು ಸ್ಟೇಷನ್ನಿಗೆ ಹೋಗಿದ್ದುಂಟು. ಆದ್ದರಿಂದ ಅವರು ಪೇಟೆಗೆ ಹೋದ ಹೊತ್ತಿನಲ್ಲಿ ಸುಮಯ್ಯಾಗೆ ಹೇಳಿ ಪುಟ್ಟ ರಸ್ತೆಯ ತಂತಿಯನ್ನು ಸ್ಟೇಷನ್ ಬಾಗಿಲವರೆಗೆ ಬಳಸಿ ಹಾಕಿಸಿದೆ. ಬಸ್ಸು ಮೊದಲು ಅಲ್ಲಿ ನಿಂತು ತಡವಾದ ಪ್ಯಾಸೆಂಜರಿಗೆ ಕಾಯಬೇಕು. ಜನ ಇಳಿದರು ಎನ್ನುವಷ್ಟು ಹೊತ್ತು ಬಿಟ್ಟು ಗೇಟಿನ ಕಡೆ ಹೊರಡಬೇಕು. ಮಾಸ್ತರರಿಗೆ ಮುಂಚೆ ಏನೂ ಹೇಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಸುಮಯ್ಯಾ ಪ್ರಯೋಗಾಲಯದ ಇಬ್ಬರನ್ನು ಕರೆದುಕೊಂಡು ಬಂದಳು. ನಿಯಮ ಹೇಳಿದರು. ಓಡುವಾಗ ಬಸ್ಸನ್ನು ಯಾರೂ ಕೈಯಿಂದ ಮುಟ್ಟಬಾರದು, ಮುಟ್ಟಿದರೆ ಪರೀಕ್ಷೆ ರದ್ದು. ರೈಲುಗಳು ತಮ್ಮ ವೇಳೆಗೆ ಓಡುತ್ತವೆ, ಗೇಟು ತಾನೇ ಬೀಳುತ್ತದೆ, ತಾನೇ ಏಳುತ್ತದೆ. ಗೇಟು ಬಿದ್ದು ಬೀಗ ಕೂತರೆ ಸಿಗ್ನಲ್ ಹಸಿರಾಗುತ್ತದೆ. ನಾನು ರಸ್ತೆಯ ಬದಿಗೆ ಕೂತೆ, ಮಾಸ್ತರರು ಆಚೆ ಬದಿಗೆ ತಮ್ಮ ಸಿಗ್ನಲ್ ಹಿಡಿಕೆಗಳ ಹಿಂದೆ ಕೂತರು. ಅವರ ಮುಖ ಎಂದಿನಂತೆ ಗಂಟಾಗಿತ್ತು.

ಪ್ಯಾಸೆಂಜರು ತಡವಾಗಿ ಬಂತು, ಮಾಸ್ತರರು ತಮ್ಮ ವೇಳಾಪಟ್ಟಿಯಲ್ಲೂ ಅದನ್ನು ತಡವಾಗಿಯೇ ಬರೆದಿದ್ದರು. ಸ್ಟೇಷನ್ನಿನ ಹೊರಗೆ ಬಸ್ಸು ದೀಪ ಹಚ್ಚಿಕೊಂಡು ನಿಂತಿತ್ತು. ಮಾಸ್ತರರು ಅದನ್ನು ನೋಡಿದರು. ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಹುಬ್ಬಿನ ಗಂಟು ಬಿಚ್ಚಿತು, ಕಣ್ಣಿನ ಕೊನೆಗೆ ನೆರಿಗೆ ಮೂಡಿತು, ಪ್ರಾಯದ ಆ ಮುಖವೇ ಎದುರಿಗೆ ಬಂದು ಕೂತಂತಾಯಿತು. ಸುಮಯ್ಯಾ ನನ್ನ ಭುಜ ಒತ್ತಿದಳು. ಬಸ್ಸು ಹೊರಟಿತು. ಗೇಟಿನಲ್ಲಿ ಎರಡು ದಂಡೂ ಎದುರುಬದುರಾಗಿದ್ದವು. ಗೇಟು ಏಳುತ್ತಲೇ ಅದು ಟೆಂಪೊದ ಬಲಕ್ಕೆ ಮೂಗು ತೂರಿಸಿ, ಒಂದು ಆಟೊವನ್ನು ಹಿಂದೆ ಸರಿಸಿ, ತಂತಿ ಇಲ್ಲದ ಜಾಗಕ್ಕೆ ತಾನೇ ಗಾಲಿ ಇಟ್ಟಿತು. ಉಳಿದವೆಲ್ಲ ಬದಿಗೆ ಹರಿದು ಹೋದವು.

ಆಗ ಮಾಸ್ತರರು ತೃಪ್ತಿಯಿಂದ ಒಂದು ಮಾತು ಆಡಿದರು.

"ನೋಡ್ರಿ, ನಮ್ಮ ಗಾಡಿಗೆ ಎಷ್ಟ ಚಂದ ಕಾಯ್ತು."

ನಮ್ಮ ಗಾಡಿಗೆ. ಅವರು ಹಿಗ್ಗಿದ್ದು ನನ್ನ ಬಸ್ಸಿಗಲ್ಲ, ತಮ್ಮ ರೈಲಿಗೆ. ಆಗಲೂ ಅಷ್ಟೇ, ಈಗಲೂ ಅಷ್ಟೇ. ಆ ಬೆಳಗಿದ ಮುಖಕ್ಕೆ ನಾನು ಮರುಳಾಗಿ ಮದುವೆಯಾದೆ, ಅದು ಬೆಳಗಿದ್ದು ಬೇರೆ ಯಾರಿಗೋ. ಇಷ್ಟು ವಯಸ್ಸಿನಲ್ಲಿ, ಮೂರು ಜನ ಹೊರಗಿನವರ ಮುಂದೆ, ಬೆರಳುದ್ದದ ಬೋಗಿಗಳನ್ನು ಕಂಡು ನನ್ನ ಒಡಲು ಹತ್ತಿ ಉರಿಯಿತು.

ಬಸ್ಸು ನನ್ನ ಮುಖ ನೋಡಿತು. ಹಳಿಯ ನಟ್ಟನಡುವೆ ನಿಂತುಬಿಟ್ಟಿತು.

ಸುಮಯ್ಯಾ ನನ್ನ ಕಿವಿಯಲ್ಲಿ, ಮುಖ ಸಡಿಲ ಬಿಡ್ರಿ ಮೇಡಂ ಎಂದು ಬೇಡಿಕೊಂಡಳು. ನಾನು ಬಿಡಬೇಕೆಂದೇ ಮಾಡಿದೆ. ಊರಿನ ಗೇಟು, ನನ್ನ ಕಣ್ಣಿನ ಬಸ್ಸು, ಲಕ್ಷ್ಮೇಶ್ವರದ ಆಟೊದವನು, ಎಲ್ಲ ನೆನೆಸಿಕೊಂಡೆ. ಮುಖ ನನ್ನ ಮಾತು ಕೇಳಲಿಲ್ಲ. ನೆನಪಿಗೆ ಬಂದದ್ದು ತಂಗಿಯ ನಿಶ್ಚಿತಾರ್ಥ, ಬಸ್ಸಿನ ಕಿಟಕಿ, ಬೀಸಿದ ಕೈ. ಅಷ್ಟರಲ್ಲಿ ವೇಳೆಯಾಯಿತು, ಬಸ್ಸಿನ ಎರಡೂ ಕಡೆ ಗೇಟು ಬಿತ್ತು, ಬೀಗ ಕೂತಿತು. ಗೇಟು ಬಿದ್ದಿದ್ದರೆ ಹಳಿ ಖಾಲಿ ಎಂದೇ ಸಿಗ್ನಲ್ಲಿನ ತಿಳುವಳಿಕೆ. ಒಳಗೆ ಬಸ್ಸು ಸಿಕ್ಕಿಕೊಂಡದ್ದು ಅದಕ್ಕೆ ಗೊತ್ತಾಗಲಿಲ್ಲ. ದೀಪ ಹಸಿರಾಯಿತು. ಗುಡ್ಡದ ಸುರಂಗದಿಂದ ಹಿತ್ತಾಳೆಯ ಎಂಜಿನ್ನು ಹೊರಬಂತು, ಹಿಂದೆ ಮೇಲ್ ಗಾಡಿಯ ಅಷ್ಟೂ ಬೋಗಿಗಳು.

ಮಾಸ್ತರರು ಬಸ್ಸನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೂ ಮುಖ ಓದಲು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರ ಕೈ ಹಿಡಿಕೆಯ ಮೇಲಿತ್ತು. ನೌಕರಿಯುದ್ದಕ್ಕೂ ಮಾಡದಿದ್ದುದನ್ನು ಮಾಡಿದರು. ಕೊಟ್ಟ ಸಿಗ್ನಲ್ಲನ್ನು ಗಾಡಿಯ ಮುಖದ ಮೇಲೇ ಹಿಂದಕ್ಕೆ ತೆಗೆದರು.

ಹಸಿರು ಕೆಂಪಾಯಿತು. ಎಂಜಿನ್ನು ಇದ್ದಲ್ಲೇ ಕಚ್ಚಿಕೊಂಡು ನಿಂತಿತು. ಹಿಂದಿನ ಬೋಗಿಗಳಿಗೆ ನಿಲ್ಲಲು ಆಗಲಿಲ್ಲ, ಒಂದನ್ನೊಂದು ನೂಕಿಕೊಂಡು ಹಳಿ ತಪ್ಪಿ ಮಗುಚಿದವು, ಎರಡು ಹಲಗೆಯಿಂದ ಕೆಳಗೇ ಬಿದ್ದವು. ಹಿತ್ತಾಳೆಯ ಎಂಜಿನ್ನು ಪಕ್ಕಕ್ಕೆ ವಾಲಿತು. ಮಾಸ್ತರರು ಆ ಕಡೆ ತಿರುಗಿಯೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಅವತ್ತೂ ಗಾಡಿ ಹಿಡೀಬೇಕಿತ್ತು," ಎಂದರು. "ಹೋಗ್ಲಿ ಬಿಡು. ನಿನ್ನ ಬಸ್ಸು ಮುಂದ ಹೋಗ್ಲಿ."

ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಮುಖದಲ್ಲಿ ಏನೋ ಆಯಿತು, ಬಸ್ಸಿಗೆ ಅಷ್ಟೇ ಸಾಕಾಯಿತು. ಅವರು ಕೈಯಿಂದ ಗೇಟು ಎತ್ತಿದರು, ಅದು ಹಳಿ ದಾಟಿ, ಆಚೆಯ ತಂತಿ ಹಿಡಿದು, ಬಸ್ ನಿಲ್ದಾಣಕ್ಕೆ ಹೋಗಿ ತನ್ನ ಪ್ಲಾಟ್‌ಫಾರ್ಮಿನಲ್ಲಿ ನಿಂತಿತು.

ಸುಮಯ್ಯಾ ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಈ ಸಾಸಿವೆಯನ್ನು ನಿಜವಾದ ರಸ್ತೆಗೆ ಬಿಡಲು ಬರುವುದಿಲ್ಲ ಎಂದಳು. ಇವತ್ತು ಇದು ಕಲಿತದ್ದು ಒಂದೇ ಪಾಠ, ಹಳಿಯ ಮೇಲೆ ಮುನಿಸಿಕೊಂಡು ನಿಂತರೆ ರೈಲು ನಿಲ್ಲುತ್ತದೆ ಎಂಬುದು. ಜಗತ್ತಿನ ಯಾವ ಗೇಟಿನಲ್ಲೂ ಅದು ನಿಜವಲ್ಲ. ಕಾಳನ್ನು ತೆಗೆದುಕೊಂಡು ಹೋಗುವುದೂ ಬೇಡವೆಂದು ನಮ್ಮಲ್ಲೇ ಬಿಟ್ಟುಹೋದಳು.

ಹಿರೇಗಟ್ಟಿ ಗೇಟಿಗೆ ಲಕ್ಷ್ಮೇಶ್ವರದವನ ಸಾಸಿವೆಯೇ ಬಂತು. ಉದ್ಘಾಟನೆಯ ದಿನ ಇಬ್ಬರೂ ಹೋಗಿ ನೋಡಿದೆವು. ಬಸ್ಸು ದಾಟಿತು ಖರೆ, ಆದರೆ ಆಟೊದವನ ಹಾಗೆ ಸಿಕ್ಕ ಸಂದಿಯಲ್ಲೆಲ್ಲ ನುಗ್ಗಿ, ಒಬ್ಬ ಮುದುಕಿಯನ್ನು ಗಟಾರಿನ ಅಂಚಿಗೆ ತಳ್ಳಿ ದಾಟಿತು. ಜನ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನನ್ನದಾಗಿದ್ದರೆ ಮುದುಕಿಯ ಮುಖ ನೋಡಿ ಒಂದು ಗಳಿಗೆ ತಡೆಯುತ್ತಿತ್ತು ಎಂದುಕೊಂಡೆ. ಇವತ್ತಿಗೂ ಆ ಬಸ್ಸು ಹತ್ತುವುದಿಲ್ಲ, ಪೇಟೆಗೆ ನಡೆದೇ ಹೋಗುತ್ತೇನೆ.

ಮಾಸ್ತರರು ಬೋಗಿಗಳನ್ನು ಒಂದೊಂದಾಗಿ ರಿಪೇರಿ ಮಾಡಿದರು. ಹಿತ್ತಾಳೆ ಎಂಜಿನ್ನಿನ ಮೂಗು ಸ್ವಲ್ಪ ಸೊಟ್ಟಗಾಗಿದೆ, ಅದನ್ನು ನೇರ ಮಾಡಲಿಲ್ಲ. ಸಂಜೆಯಾದರೆ ಮೊದಲಿನಂತೆಯೇ ಮಹಡಿ ಹತ್ತಿ ರೈಲು ಬಿಡುತ್ತಾರೆ. ಊಟಕ್ಕೆ ಕರೆದರೆ, ಬಂದೆ, ಮೇಲ್ ಗಾಡಿ ದಾಟಲಿ ಎನ್ನುತ್ತಾರೆ. ಅದೇನೂ ಬದಲಾಗಿಲ್ಲ, ರೊಟ್ಟಿ ಆರುತ್ತದೆ.

ಆಗ ನಾನು ಎರಡನೇ ಸಲ ಕರೆಯುವುದಿಲ್ಲ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು, ಬಸ್ಸಿಗೆ ಕಾಣುವಂತೆ ಮುಖ ತೋರಿಸಿ, ತಂಗಿಯ ನಿಶ್ಚಿತಾರ್ಥದ ದಿನ ಕಣ್ಣೆದುರು ಹೋದ ಗಾಡಿಯನ್ನು ನೆನೆಸಿಕೊಳ್ಳುತ್ತೇನೆ. ನಟಿಸಬೇಕಾಗಿಲ್ಲ, ಆ ಉರಿ ಇನ್ನೂ ಆರಿಲ್ಲ. ಬಸ್ಸು ಹೋಗಿ ಹಳಿಯ ಮೇಲೆ ನಿಲ್ಲುತ್ತದೆ. ಮಾಸ್ತರರು ತಲೆ ಎತ್ತಿ ನನ್ನನ್ನೊಮ್ಮೆ ನೋಡುತ್ತಾರೆ, ಮೇಲ್ ಗಾಡಿಗೆ ಕೆಂಪು ಕೊಟ್ಟು ಊಟಕ್ಕೆ ಏಳುತ್ತಾರೆ.